‘ಪೊಪೊಲ್ ವೂ’ ಗ್ರಂಥದಲ್ಲಿ ಅನ್ನವಿಚಾರ

ಮಧ್ಯ ಅಮೆರಿಕೆಯ ಗ್ವಾಟೆಮಾಲಾ ದೇಶದ ಮಲೆನಾಡಿನಲ್ಲಿ ಕಿಚೇ ಎಂಬ ಆದಿವಾಸಿ ಜನಾಂಗವೊಂದುಂಟು. ಮಾಯಾ ಎಂಬ ದೊಡ್ಡ ಜನಸಮುದಾಯದ ಒಂದು ಕವಲಾದ ಇವರ ನುಡಿಯನ್ನಾಡುವವರು ಈಗಲೂ ಹತ್ತು ಲಕ್ಷದಷ್ಟು ಮಂದಿ ಇರುವರು. (ಈ ಮಾಯಾ ಎಂಬ ಹೆಸರಿಗೂ ವೇದಾಂತಿಗಳ ಮಾಯೆಗೂ ಯಾವ ಸಂಬಂಧವೂ ಇಲ್ಲ. ಧ್ವನಿಸಾಮ್ಯವೊಂದನ್ನೇ ನೆಚ್ಚಿ ಮಯಾಸುರನನ್ನು ಅಮೆರಿಕೆಗೆ ಕಳುಹಿಸುವ ಪಂಡಿತರು ಆಗಾಗ ಹುಟ್ಟುತ್ತಿರುವುದರಿಂದ ಇದನ್ನು ಮೊದಲೇ ಹೇಳಿಬಿಡುವುದು ಲೇಸು.) ಇವರ ಆದಿಗ್ರಂಥವು ‘ಪೊಪೊಲ್ ವೂ’ ಎಂಬುದು. ಪೊಪ್ ಎಂದರೆ ಚಾಪೆ, ವೂ ಎಂದರೆ ಪುಸ್ತಕ. ಚಾಪೆಯ ಮೇಲೆ ಕೂಡಿ ಕುಳಿತು ರಾಜ್ಯವಿಚಾರ ಮಾಡುವ ಹಿರಿಯರ ಸಭೆಗೆ ಸೇರಿದ ಪುಸ್ತಕವೆಂದು ತಾತ್ಪರ್ಯ. ಲೋಕಸೃಷ್ಟಿಯಿಂದ ಮೊದಲಾಗಿ ಕಿಚೇ ಅರಸರ ವಂಶಾವಳಿಯವರೆಗೆ ನಡೆಯುವ ಈ ಗ್ರಂಥವನ್ನು ಪಂಚಲಕ್ಷಣಗಳನ್ನು ಬಲ್ಲವರು ಪುರಾಣವೆಂದೇ ಕರೆದಾರು. ಮನ್ವಂತರಗಳ ಸ್ಥಾನದಲ್ಲಿ ಮಾತ್ರ ಮೂರು ಬಾರಿ ಕೆಟ್ಟುಹೋದ ಸೃಷ್ಟಿಯ ಕಥೆಯಿರುವುದು.

ಗ್ರಂಥದ ಚರಿತ್ರೆಯು ಕರುಣಾಜನಕವಾದುದು. 1524ರಲ್ಲಿ ಪೆದ್ರೊ ದೆ ಅಲ್ವರಾದೊ ಎಂಬ ಸ್ಪೇನಿನ ದಂಡನಾಯಕನು ಕಿಚೇ ರಾಜ್ಯವನ್ನು ಗೆದ್ದು ಅರಸರನ್ನೂ ರಾಜಧಾನಿಯನ್ನೂ ಸುಟ್ಟನು. ಅನಂತರ ಮೂವತ್ತು ವರ್ಷಗಳಷ್ಟು ಕಳೆದ ಮೇಲೆ ಆ ಕುಲದ ಕೆಲವರು, ತಮ್ಮ ಹೆಸರನ್ನು ಎಲ್ಲಿಯೂ ಹೇಳಿಕೊಳ್ಳದೆ, ಹೊಸದಾಗಿ ಕಲಿತ ರೋಮನ್ ಲಿಪಿಯಲ್ಲಿ ತಮ್ಮ ನುಡಿಯಲ್ಲಿಯೇ ಇದನ್ನು ಬರೆದಿಟ್ಟರು. ಆ ಮೂಲಪ್ರತಿಯು ಈಗ ಇಲ್ಲ. 1701ರಿಂದ 1703ರ ಸುಮಾರಿನಲ್ಲಿ ಚಿಚಿಕಸ್ತೆನಾಂಗೊ ಎಂಬ ಊರಿನಲ್ಲಿದ್ದ ಫ್ರಾನ್ಸಿಸ್ಕೊ ಶಿಮೆನೆಸ್ ಎಂಬ ಪಾದ್ರಿಯು ಒಂದು ಪಕ್ಕದಲ್ಲಿ ಕಿಚೇ, ಇನ್ನೊಂದು ಪಕ್ಕದಲ್ಲಿ ಸ್ಪೇನಿನ ಭಾಷೆ ಎಂಬಂತೆ ಎತ್ತಿಕೊಂಡ ನಕಲೊಂದೇ ಉಳಿದು, ಕೈಯಿಂದ ಕೈಗೆ ಬಂದು, ಚಿಕಾಗೊ ನಗರದ ನ್ಯೂಬೆರಿ ಪುಸ್ತಕಭಂಡಾರವನ್ನು ಸೇರಿರುವುದು. 1857ರಲ್ಲಿ ವಿಯೆನ್ನಾದಲ್ಲಿ ಷೆರ್ಜರ್, 1861ರಲ್ಲಿ ಪ್ಯಾರಿಸಿನಲ್ಲಿ ಬ್ರಾಸ್ಸರ್, 1947ರಲ್ಲಿ ರೆಸಿನೋಸ್, 1985ರಲ್ಲಿ ಟೆಡ್‌ಲಾಕ್, 2003ರಲ್ಲಿ ಕ್ರಿಸ್ಟೆನ್ಸನ್ ಎಂಬ ವಿದ್ವಾಂಸರು ಇದನ್ನು ಅಚ್ಚು ಮಾಡಿಸಿಯೂ ಭಾಷಾಂತರಿಸಿಯೂ ಲೋಕಕ್ಕೆ ಪರಿಚಯಿಸಿದರು.

ಈ ಗ್ರಂಥದ ನಡುವಿನಲ್ಲಿ ಒಂದು ಧಾನ್ಯವಿರುವುದು. ಮೈಸೂರು ಸೀಮೆಯವರು ಮುಸುಕಿನ ಜೋಳವೆಂದೂ, ಉತ್ತರದವರು ಗೋವಿನ ಜೋಳವೆಂದೂ, ಮತ್ತೆ ಹಲವರು ಮೆಕ್ಕೆಜೋಳವೆಂದೂ ಕರೆಯುವ ಧಾನ್ಯವೇ ಅದು. ದೇವತೆಗಳು ಮೊದಲ ಮನುಷ್ಯರನ್ನು ಈ ಜೋಳದ ಹಿಟ್ಟಿನಿಂದ ಮಾಡಿದರೆಂಬುದೇ ಕಥೆಯ ಜೀವಾಳ. ಇದನ್ನು ಕುರಿತು ಬರೆದವರಲ್ಲಿ ಬಹುಮಂದಿ ಜೋಳವು ಇಲ್ಲಿ ‘ಸಂಕೇತ’ವೆಂದು ಹೇಳಿ ಮುಂದೆ ಸಾಗಿರುವರು. ಕೃಷಿಯ ಸಂಕೇತವೆಂದು ಒಬ್ಬರು, ನಾಗರಿಕತೆಯ ಸಂಕೇತವೆಂದು ಮತ್ತೊಬ್ಬರು, ಸಾವು ಮತ್ತು ಮರುಹುಟ್ಟುಗಳ ಸಂಕೇತವೆಂದು ಇನ್ನೊಬ್ಬರು. ಈ ವ್ಯಾಖ್ಯಾನಗಳಲ್ಲಿ ಪಾಂಡಿತ್ಯವು ಧಾರಾಳವಾಗಿದ್ದರೂ ಕಾವ್ಯದ ಕೀಲು ತಪ್ಪಿಹೋಗಿರುವುದೆಂದು ಹೇಳದೆ ವಿಧಿಯಿಲ್ಲ.

ಏಕೆಂದರೆ, ಮುಖ್ಯಾರ್ಥವು ಬಾಧಿತವಾದ ಹೊರತು ಲಕ್ಷಣೆಗೆ ಅವಕಾಶವಿಲ್ಲವೆಂಬುದು ಅಲಂಕಾರಶಾಸ್ತ್ರದ ಮೊದಲನೆಯ ಪಾಠ. ಗಂಗೆಯಲ್ಲಿ ಗೊಲ್ಲರ ಹಳ್ಳಿಯಿದೆಯೆಂದಾಗ, ನೀರಿನ ಮೇಲೆ ಹಳ್ಳಿ ನಿಲ್ಲಲಾರದಾದುದರಿಂದ, ಗಂಗೆಯ ದಡವೆಂಬ ಅರ್ಥವನ್ನು ಹುಡುಕಬೇಕಾಗುವುದು. ಆದರೆ ಜೋಳವನ್ನೇ ಉಂಡು ಬೆಳೆದ ಮೈ ಜೋಳದಿಂದಾದುದೆಂಬ ಮಾತಿನಲ್ಲಿ ಬಾಧೆಯೆಲ್ಲಿರುವುದು? ತಾಯಿಯ ಬಸಿರಿನಲ್ಲಿದ್ದಾಗ ತಾಯಿ ಉಂಡುದು ಜೋಳ, ಮೊಲೆಹಾಲಾದುದು ಜೋಳ, ಹಲ್ಲು ಬಂದ ಮೇಲೆ ಕಚ್ಚಿದುದು ಜೋಳದ ರೊಟ್ಟಿ. ಬೆಲೀಜ್ ದೇಶದ ಬಂಡೆಯಾಸರೆಗಳಲ್ಲಿ ದೊರೆತ ಪುರಾತನ ಎಲುಬುಗಳಲ್ಲಿನ ಇಂಗಾಲವನ್ನು ಪರೀಕ್ಷಿಸಿದ ವಿಜ್ಞಾನಿಗಳು, ಸುಮಾರು 4000 ವರ್ಷಗಳಿಂದೀಚೆಗೆ ಆ ಸೀಮೆಯವರ ದೇಹಗಳು ಬಹುಭಾಗ ಈ ಧಾನ್ಯದಿಂದಲೇ ಕಟ್ಟಿದುವೆಂದು 2020ರಲ್ಲಿ ತೋರಿಸಿಕೊಟ್ಟಿರುವರು. ಕಿಚೇ ಕವಿಯು ಹೇಳಿದುದು ಉಪಮೆಯೂ ಅಲ್ಲ, ರೂಪಕವೂ ಅಲ್ಲ, ಉತ್ಪ್ರೇಕ್ಷೆಯೂ ಅಲ್ಲ. ಗಡಿಗೆಗೆ ಮಣ್ಣು ಹೇಗೋ ಮನುಷ್ಯನಿಗೆ ಜೋಳವು ಹಾಗೆ ಉಪಾದಾನಕಾರಣವೆಂದು ಅವನು ವಾಚ್ಯವಾಗಿಯೇ ಹೇಳಿರುವನು. ಆ ವಾಚ್ಯಾರ್ಥವನ್ನು ಬಿಡದೆ ಹಿಡಿದುಕೊಂಡು ಓದಿದಾಗಲೇ ಗ್ರಂಥದ ಒಗಟುಗಳು ಬಿಚ್ಚಿಕೊಳ್ಳುವುವು.

ಸೃಷ್ಟಿಯ ಕ್ರಮವನ್ನು ನೋಡಬಹುದು. ದೇವತೆಗಳು ಮೊದಲು ಮೃಗಪಕ್ಷಿಗಳನ್ನು ಮಾಡಿ ತಮ್ಮ ಹೆಸರನ್ನು ಹೇಳಿರೆಂದರು. ಅವು ಕೂಗಿದುವು, ಕಿರುಚಿದುವು, ಹೆಸರು ಹೇಳಲಿಲ್ಲ. ಎರಡನೆಯ ಬಾರಿ ಮಣ್ಣಿನಿಂದ ಮನುಷ್ಯನನ್ನು ಮಾಡಿದರು. ಅವನು ಮಾತಾಡಿದನು, ಆದರೆ ಮಾತಿನಲ್ಲಿ ತಿಳಿವಿರಲಿಲ್ಲ. ತಲೆ ತಿರುಗದು, ಮುಖವು ಒಂದು ಕಡೆಗೆ ಜೋಲುವುದು, ನೀರು ತಗುಲಿದೊಡನೆ ಕರಗಿಹೋದನು. ಮೂರನೆಯ ಬಾರಿ, ಹಾಲವಾಣದ ಜಾತಿಗೆ ಸೇರಿದ ತ್ಸಿತೇ ಎಂಬ ಮರದಿಂದ ಗಂಡಸರನ್ನೂ ಜೊಂಡಿನ ತಿರುಳಿನಿಂದ ಹೆಂಗಸರನ್ನೂ ಮಾಡಿದರು. ಇವರು ನಡೆದಾಡಿದರು, ಮಕ್ಕಳನ್ನು ಪಡೆದರು, ಮನೆ ಕಟ್ಟಿದರು. ಆದರೆ ಅವರಲ್ಲಿ ಹೃದಯವಿರಲಿಲ್ಲ, ಮಾಡಿದವರ ನೆನಪಿರಲಿಲ್ಲ.

ಇವರ ನಾಶದ ಪ್ರಸಂಗವು ವಿಶ್ವದ ಪುರಾಣಸಾಹಿತ್ಯದಲ್ಲಿಯೇ ಅಪೂರ್ವವಾದುದು. ಆಕಾಶದಿಂದ ಅಂಟಿನ ಮಳೆ ಸುರಿದುದು ಸರಿಯೆ. ಅಂತಹ ಪ್ರಳಯಗಳನ್ನು ಎಲ್ಲ ಪುರಾಣಗಳೂ ಬಲ್ಲುವು. ಆದರೆ ಇಲ್ಲಿ ಅಡಿಗೆಮನೆಯೇ ದಂಗೆಯೇಳುವುದು. ಅರೆಯುವ ಕಲ್ಲುಗಳು ಎದ್ದು ನಿಂತು, ದಿನದಿನವೂ ಬೆಳಗುಬೈಗೆನ್ನದೆ ನಮ್ಮ ಮುಖವನ್ನು ತೇಯಿಸಿದಿರಿ, ಇನ್ನು ನಿಮ್ಮನ್ನು ನಾವು ಅರೆಯುವೆವು ಎಂಬ ಅಭಿಪ್ರಾಯದಿಂದ ಗದರಿಸುವುವು. ಕಲ್ಲುಗಳ ಮಾತಿನಲ್ಲಿ ಅರೆಯುವ ಸದ್ದೇ ಅನುಕರಣಶಬ್ದಗಳಾಗಿ ಕೇಳಿಬರುವುದು. ಕವಿಯ ಕಿವಿಯು ಅರಮನೆಯ ಕಡೆಗಿರದೆ ಒಲೆಯ ಕಡೆಗಿದ್ದಿತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಗಡಿಗೆಗಳೂ ಕಾವಲಿಗಳೂ ಮಸಿ ಹಿಡಿದ ತಮ್ಮ ಬಾಯಿಗಳನ್ನು ತೋರಿಸಿ ನಮ್ಮನ್ನು ಸುಟ್ಟಿರೆನ್ನುವುವು. ನಾಯಿಗಳು, ಹೊಡೆತ ತಿಂದುದಲ್ಲದೆ ನಮಗೆ ಅನ್ನವಿಕ್ಕಿದಿರಾ ಎಂದು ಕೇಳುವುವು. ಒಲೆಯ ಗುಂಡುಗಳು ಹಾರಿ ತಲೆಯ ಮೇಲೆ ಬೀಳುವುವು. ಅಳಿದುಳಿದ ಮರದ ಮನುಷ್ಯರೇ ಕಾಡಿನ ಕೋತಿಗಳಾದರೆಂದು ಕಥೆ.

ಇಲ್ಲಿ ಒಂದು ಪೂರ್ವಾಪರವಿರೋಧವುಂಟು. ಹಲವು ವ್ಯಾಖ್ಯಾತೃಗಳು ಇದನ್ನು ಕಂಡೂ ಕಾಣದಂತೆ ದಾಟಿರುವರು. ದೇವತೆಗಳಿಗೆ ಜೋಳವು ದೊರೆಯುವುದು ಇನ್ನೂ ಮುಂದೆ. ಪಶಿಲ್, ಕಯಾಲಾ ಎಂಬ ಸ್ಥಳದಲ್ಲಿ ಹಳದಿಯ ಮತ್ತು ಬಿಳಿಯ ಜೋಳದ ತೆನೆಗಳಿರುವುವೆಂದು ನರಿ, ಕಯೋಟಿ, ಗಿಳಿ, ಕಾಗೆ ಈ ನಾಲ್ಕು ಪ್ರಾಣಿಗಳು ಬಂದು ಹೇಳುವುದು ನಾಲ್ಕನೆಯ ಸೃಷ್ಟಿಯ ಸಮಯದಲ್ಲಿ. ಹಾಗಾದರೆ ಮರದ ಮನುಷ್ಯರ ಅರೆಯುವ ಕಲ್ಲುಗಳು ಏನನ್ನು ಅರೆಯುತ್ತಿದ್ದುವು? ಅದಕ್ಕೂ ಮೊದಲು, ಮನುಷ್ಯರನ್ನು ಮರದಿಂದ ಮಾಡಬಹುದೇ ಎಂದು ಶಕುನ ಕೇಳುವಾಗ ಶ್ಮುಕಾನೆ ಎಂಬ ದೇವಲೋಕದ ಅಜ್ಜಿಯೂ ಶ್ಪಿಯಕೋಕ್ ಎಂಬ ಅಜ್ಜನೂ ಹರಡಿಕೊಂಡ ಕಾಳುಗಳಲ್ಲಿ ತ್ಸಿತೇ ಬೀಜಗಳೊಡನೆ ಜೋಳದ ಕಾಳುಗಳೂ ಇದ್ದುವು! ನಡುವಿನ ಕಥೆಯಲ್ಲಿ ಬರುವ ಹುನಾಹ್ಪು, ಶ್ಬಲಾಂಕೆ ಎಂಬ ಅವಳಿ ವೀರರ ಮನೆಯಲ್ಲಿಯೂ ಜೋಳದ ಹೊಲವಿರುವುದು.

ಲಿಪಿಕಾರನ ಪ್ರಮಾದವೆಂದು ಇದನ್ನು ತಳ್ಳಿಹಾಕಲಾಗದು. ಒಂದೆಡೆಯಲ್ಲಾದರೆ ಪ್ರಮಾದ, ಮೂರೆಡೆಯಲ್ಲಾದರೆ ಅಭಿಪ್ರಾಯ. ಪಶಿಲ್‌ನಲ್ಲಿ ದೊರೆತುದು ಧಾನ್ಯವಲ್ಲ. ಧಾನ್ಯವೇ ಮಾಂಸವೆಂಬ ತಿಳಿವು. ಅಜ್ಜಿಯು ಕಾಳನ್ನು ಕೈಯಲ್ಲಿ ಹಿಡಿದು ಭವಿಷ್ಯವನ್ನು ಕೇಳಿದಳು, ಉತ್ತರವು ಬೆರಳಿಗೆ ಅಂಟಿಕೊಂಡಿದ್ದರೂ ಅದನ್ನು ಕಾಣದೆ ಮರದ ಮಾತನ್ನಾಡಿದಳು. ಮರದ ಮನುಷ್ಯರು ಜೋಳವನ್ನು ಉಂಡರು, ಆದರೆ ಜೋಳದಿಂದಾದವರಾಗಿರಲಿಲ್ಲ. ಆದುದರಿಂದಲೇ ಅರೆದ ಕಲ್ಲಿನ, ಬೇಯಿಸಿದ ಗಡಿಗೆಯ, ಕಾದ ನಾಯಿಯ ನೆನಪು ಅವರಿಗೆ ಉಳಿಯಲಿಲ್ಲ. ಉಣ್ಣುವುದೊಂದು, ಉಂಡುದೇ ತಾನೆಂದು ಅರಿಯುವುದು ಇನ್ನೊಂದು. ಕವಿಯು ಈ ಎರಡರ ನಡುವಣ ಅಂತರವನ್ನು ಒಂದು ಯುಗದ ಅಂತರವಾಗಿ ಹಿಗ್ಗಿಸಿ ಕಥೆಯನ್ನು ಕಟ್ಟಿರುವನು. ಸಂಕೇತವೆಂದು ಓದಿದವರಿಗೆ ಇದು ದೋಷವಾಗಿ ಕಾಣುವುದು. ವಾಚ್ಯವಾಗಿ ಓದಿದವರಿಗೆ ಇದೇ ಗುಣ.

ಅವಳಿ ವೀರರ ಕಥೆಯು ಗ್ರಂಥದ ಅತ್ಯಂತ ರಸವತ್ತಾದ ಭಾಗ. ಶಿಬಾಲ್ಬಾ ಎಂಬ ಪಾತಾಳದಿಂದ ಬಸುರಿಯಾಗಿ ಬಂದ ಶ್ಕಿಕ್ ಎಂಬ ಹೆಣ್ಣು ತಾನು ನಿನ್ನ ಸೊಸೆಯೆಂದಾಗ ಅತ್ತೆಯಾದ ಶ್ಮುಕಾನೆಯು ನಂಬುವುದಿಲ್ಲ. ಹೊಲಕ್ಕೆ ಹೋಗಿ ಒಂದು ಬಲೆಚೀಲ ತುಂಬ ತೆನೆಗಳನ್ನು ತಾ ಎಂದು ಅಟ್ಟುವಳು. ಹೊಲದಲ್ಲಿರುವುದು ಜೋಳದ ಒಂದೇ ಬುಡ. ಹುಡುಗಿಯು ಅಳುತ್ತ, ಬೆಳೆ ಕಾಯುವ ದೇವಿಯರನ್ನು ಕರೆದು, ತೆನೆಯ ತುದಿಯ ನೂಲನ್ನು ಮಾತ್ರ ಎಳೆಯುವಳು. ತೆನೆ ಮುರಿಯದೆ ಬಲೆಯು ತುಂಬುವುದು. ಅತ್ತೆಯು ತಾನೇ ಹೊಲಕ್ಕೆ ಓಡಿಹೋಗಿ ನೋಡಿದರೆ ಬುಡವು ನಿಂತಂತೆಯೇ ನಿಂತಿದೆ, ನೆಲದ ಮೇಲೆ ಬಲೆಯ ಗುರುತು ಬಿದ್ದಿದೆ. ಆ ಗುರುತನ್ನು ಕಂಡು ನಂಬುವಳು. ಅತ್ತೆಸೊಸೆಯರ ಜಗಳವನ್ನು ಜೋಳದ ಹೊಲದಲ್ಲಿ ತೀರಿಸಿದ ಈ ಕವಿಯು ಲೋಕಾನುಭವಿಯೆಂಬುದರಲ್ಲಿ ಸಂದೇಹವಿಲ್ಲ. ಮುಂದೆ ಆ ಹೆಣ್ಣಿನ ಮಕ್ಕಳಾದ ಅವಳಿಗಳು ತಾವೂ ಪಾತಾಳಕ್ಕೆ ಹೊರಡುವಾಗ ಮನೆಯ ನಡುವೆ ಜೋಳದ ಗಿಡಗಳನ್ನು ನೆಟ್ಟು, ಇವು ಒಣಗಿದರೆ ನಾವು ಸತ್ತೆವೆಂದು ತಿಳಿ, ಚಿಗುರಿದರೆ ಬದುಕಿದೆವೆಂದು ತಿಳಿ ಎಂದು ಅಜ್ಜಿಗೆ ಹೇಳಿ ಹೋಗುವರು. ಪಾತಾಳದಲ್ಲಿ ಅವರು ಬೆಂಕಿಗೆ ಹಾರುವರು. ಅವರ ಎಲುಬುಗಳನ್ನು ಜೋಳದ ಹಿಟ್ಟನ್ನು ಅರೆಯುವಂತೆ ಕಲ್ಲಿನ ಮೇಲೆ ಅರೆದು ಹೊಳೆಯಲ್ಲಿ ಚೆಲ್ಲುವರು. ಐದನೆಯ ದಿನ ಅವರು ನೀರಿನಲ್ಲಿ ಮತ್ತೆ ಕಾಣಿಸಿಕೊಳ್ಳುವರು. ಇತ್ತ ಮನೆಯಲ್ಲಿ ಗಿಡವು ಒಣಗಿದುದನ್ನು ಕಂಡು ಅತ್ತ ಅಜ್ಜಿಯು, ಅದು ಮರಳಿ ಚಿಗುರಿದಾಗ ಅದರ ಮುಂದೆ ಧೂಪವನ್ನು ಹಾಕುವಳು.

ಹೀಗೆ ಎರಡು ಬಾರಿ ಸಿದ್ಧತೆ ನಡೆದ ಮೇಲೆ ನಾಲ್ಕನೆಯ ಸೃಷ್ಟಿಯು ಬರುವುದು. ಆ ಸೃಷ್ಟಿಯನ್ನು ಮಾಡುವ ಕೈ ಯಾರದೆಂಬುದನ್ನು ಗಮನಿಸಬೇಕು. ಶ್ಮುಕಾನೆಯು ಹಳದಿಯ ಮತ್ತು ಬಿಳಿಯ ಜೋಳವನ್ನು ಅರೆಯುವಳು. ಒಂಬತ್ತು ಬಾರಿ ಅರೆದಳೆಂದು ಟೆಡ್‌ಲಾಕ್ ಅವರ ಪಾಠ, ಒಂಬತ್ತು ಬಗೆಯ ಪಾನಕಗಳನ್ನು ಮಾಡಿದಳೆಂದು ರೆಸಿನೋಸ್ ಅವರ ಪಾಠ. ಅರೆಯುವ ಕೆಲಸವಂತೂ ಎರಡರಲ್ಲಿಯೂ ಅವಳದೇ. ಅವಳು ಕೈ ತೊಳೆದ ನೀರೇ ಮನುಷ್ಯರ ಮೈಯ ಕೊಬ್ಬಾಯಿತೆಂದು ಟೆಡ್‌ಲಾಕ್ ಅವರು ಓದಿರುವರು. ಬ್ರಹ್ಮನು ಸಂಕಲ್ಪಮಾತ್ರದಿಂದ ಸೃಷ್ಟಿಸುವನು. ಇನ್ನು ಕೆಲವರ ದೇವರು ಮಾತಿನಿಂದಲೇ ಸೃಷ್ಟಿಸುವನು. ಕಿಚೇ ಜನರ ಗ್ರಂಥದಲ್ಲಿಯೂ ಭೂಮಿಯು ಮಾತಿನಿಂದಲೇ ಹುಟ್ಟಿತು. ಆದರೆ ಮನುಷ್ಯನ ಮಟ್ಟಿಗೆ ಮಾತು ಸಾಲದೆ ಹೋಯಿತು. ಮುದುಕಿಯೊಬ್ಬಳು ಮೊಳಕಾಲೂರಿ ಕುಳಿತು, ಕಲ್ಲಿನ ಮೇಲೆ ಕಲ್ಲಾಡಿಸಿ, ಬೆವರು ಸುರಿಸಬೇಕಾಯಿತು.

ಇದು ಬರಿಯ ಕವಿಸಮಯವಲ್ಲವೆಂಬುದಕ್ಕೆ ಆ ಜನರ ಅಡಿಗೆಯ ಕ್ರಮವೇ ಪ್ರಮಾಣ. ಜೋಳವನ್ನು ಅವರು ಹಾಗೆಯೇ ಬೀಸಿ ಉಣ್ಣುವುದಿಲ್ಲ. ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿ ನೆನೆಯಲಿಟ್ಟು, ಸಿಪ್ಪೆ ಬಿಟ್ಟ ಮೇಲೆ ತೊಳೆದು, ಹಸಿಯಾಗಿ ಅರೆದು, ಆ ಹಿಟ್ಟಿನಿಂದ ರೊಟ್ಟಿ ತಟ್ಟುವರು, ಇಲ್ಲವೆ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವರು. ಸೃಷ್ಟಿಯ ಅಧ್ಯಾಯದಲ್ಲಿ ಸುಣ್ಣದ ಹೆಸರನ್ನು ಕವಿಯು ಎತ್ತುವುದಿಲ್ಲ. ದಿನವೂ ಅದನ್ನು ಮಾಡುವವರ ಮುಂದೆ ಎತ್ತಬೇಕಾಗಿಯೂ ಇರಲಿಲ್ಲ. ಯುರೋಪಿನವರು ಕಾಳನ್ನು ಕೊಂಡೊಯ್ದರು, ಸುಣ್ಣವನ್ನು ಬಿಟ್ಟುಹೋದರು. ಜೋಳವೊಂದನ್ನೇ ನೆಚ್ಚಿದ ಬಡವರಿಗೆ ಚರ್ಮವು ಸುಲಿದು, ಹೊಟ್ಟೆ ಕೆಟ್ಟು, ಬುದ್ಧಿಭ್ರಮಣೆಯಾಗುವ ಪೆಲಾಗ್ರಾ ಎಂಬ ರೋಗವು ಹತ್ತಿತು. ಸ್ಪೇನಿನ ವೈದ್ಯ ಗಾಸ್ಪಾರ್ ಕಸಾಲ್ 1735ರಲ್ಲಿಯೇ ಇದನ್ನು ಗುರುತಿಸಿದ್ದನು. ನಯಾಸಿನ್ ಎಂಬ ಜೀವಸತ್ತ್ವದ ಕೊರತೆಯೇ ಕಾರಣವೆಂಬುದು ಖಚಿತವಾಗಲು 1937ರವರೆಗೆ ಕಾಯಬೇಕಾಯಿತು. ಸುಣ್ಣದ ನೀರು ಕಾಳಿನೊಳಗೆ ಕಟ್ಟಿಕೊಂಡಿರುವ ಆ ಸತ್ತ್ವವನ್ನು ಬಿಡಿಸಿಕೊಡುವುದು. ಅಜ್ಜಿಯ ಕೈ ತಗುಲದ ಜೋಳವು ಮನುಷ್ಯನ ಮಾಂಸವಾಗದೆಂಬ ಕಥೆಯನ್ನು ಯುರೋಪಿನ ಬಡವರು ತಮ್ಮ ಚರ್ಮದ ಮೇಲೆ ಓದಿದರೆನ್ನಬಹುದು.

ಧಾನ್ಯದ ಕಡೆಯಿಂದ ನೋಡಿದರೂ ಇದೇ ನ್ಯಾಯ. ಮೆಕ್ಸಿಕೊ ದೇಶದ ಬಾಲ್ಸಾಸ್ ನದಿಯ ಕಣಿವೆಯಲ್ಲಿ ಸುಮಾರು 9000 ವರ್ಷಗಳ ಹಿಂದೆ ತೆಯೊಸಿಂತೆ ಎಂಬ ಕಾಡುಹುಲ್ಲಿನಿಂದ ಮನುಷ್ಯರು ಆರಿಸಿ ಆರಿಸಿ ಈ ಬೆಳೆಯನ್ನು ಪಡೆದರು. ಕಾಡುಹುಲ್ಲಿನ ಕಾಳು ತಾನಾಗಿ ಉದುರಿ ಮೊಳೆಯುವುದು; ಜೋಳದ ತೆನೆಯಾದರೋ ಮುಸುಕಿನೊಳಗೆ ಬಿಗಿದುಕೊಂಡಿರುವುದರಿಂದ, ಮನುಷ್ಯನ ಕೈಯಿಲ್ಲದೆ ತನ್ನ ವಂಶವನ್ನು ಬೆಳೆಸಲಾರದು. ನೆಲಕ್ಕೆ ಬಿದ್ದ ತೆನೆಯಲ್ಲಿ ನೂರಾರು ಮೊಳಕೆಗಳು ಒತ್ತಾಗಿ ಎದ್ದು ಒಂದನ್ನೊಂದು ನುಂಗಿ ಸಾಯುವುವು. ಜೋಳವು ಮನುಷ್ಯನನ್ನು ಮಾಡಿತೆಂದು ಗ್ರಂಥವು ಹೇಳುವುದು; ಮನುಷ್ಯನು ಜೋಳವನ್ನು ಮಾಡಿದನೆಂದು ಸಸ್ಯಶಾಸ್ತ್ರವು ಹೇಳುವುದು. ಬೀಜವೃಕ್ಷನ್ಯಾಯಕ್ಕೆ ಇದಕ್ಕಿಂತ ತಕ್ಕ ಉದಾಹರಣೆಯನ್ನು ತಾರ್ಕಿಕರು ಎಲ್ಲಿಂದ ತರಬೇಕು?

ಸಂಸ್ಕೃತವನ್ನು ಓದಿದವರಿಗೆ ಇಲ್ಲಿ ತೈತ್ತಿರೀಯೋಪನಿಷತ್ತಿನ ಭೃಗುವು ನೆನಪಾಗದಿರನು. ಅವನು ತಪಸ್ಸು ಮಾಡಿ ಮೊದಲು ಅನ್ನವೇ ಬ್ರಹ್ಮವೆಂದು ಅರಿತನು. ಆದರೆ ಅಲ್ಲಿಗೆ ನಿಲ್ಲದೆ ಪ್ರಾಣ, ಮನಸ್ಸು, ವಿಜ್ಞಾನಗಳನ್ನು ದಾಟಿ ಆನಂದವನ್ನು ಮುಟ್ಟಿದನು. ಅಲ್ಲಿ ಅನ್ನವು ಮೊದಲ ಮೆಟ್ಟಿಲು. ಕಿಚೇ ಗ್ರಂಥದಲ್ಲಿ ಅದು ಮೆಟ್ಟಿಲಲ್ಲ, ನೆಲ. ಜೋಳದಿಂದಾದ ಮೊದಲ ನಾಲ್ವರು ಪುರುಷರು ಭೂಮ್ಯಾಕಾಶಗಳಲ್ಲಿರುವುದನ್ನೆಲ್ಲ ಕುಳಿತಲ್ಲಿಂದಲೇ ಕಂಡರು; ಸೃಷ್ಟಿಸಿದವರಿಗೆ ಕೃತಜ್ಞತೆಯನ್ನೂ ಹೇಳಿದರು. ಆಗ ದೇವತೆಗಳೇ ಅಂಜಿ, ಕನ್ನಡಿಯ ಮೇಲೆ ಉಸಿರೂದಿದಂತೆ ಅವರ ಕಣ್ಣುಗಳನ್ನು ಮಂಜುಗೊಳಿಸಿದರು. ಸರ್ವಜ್ಞತ್ವವು ತಪಸ್ಸಿನ ಕೊನೆಯಲ್ಲಿ ಬಂದುದಲ್ಲ, ಹಿಟ್ಟಿನಲ್ಲಿಯೇ ಇದ್ದಿತು. ಮುಂದಿನದೆಲ್ಲವೂ ಅದನ್ನು ಕಳೆದುಕೊಂಡ ಕಥೆ. ಎರಡರಲ್ಲಿ ಯಾವುದು ಮೇಲೆಂಬ ಪ್ರಶ್ನೆಯು ಮತಾಚಾರ್ಯರಿಗೆ ಬಿಟ್ಟುದು.

ಕನ್ನಡದಲ್ಲಿ ಧಾನ್ಯವನ್ನು ನಾಯಕನನ್ನಾಗಿ ಮಾಡಿದ ಕಾವ್ಯವೆಂದರೆ ಕನಕದಾಸರ ‘ರಾಮಧಾನ್ಯಚರಿತ್ರೆ’. ಭತ್ತಕ್ಕೂ ನರೆದಲೆಗನೆಂಬ ರಾಗಿಗೂ ಹುಟ್ಟಿದ ಜಗಳವನ್ನು ಶ್ರೀರಾಮನು ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ತೀರಿಸಿದ ಕಥೆಯದು. ಅಲ್ಲಿ ಧಾನ್ಯಗಳು ಮನುಷ್ಯರಂತೆ ಕುಲವನ್ನೆತ್ತಿ ಬೈದಾಡುವುವು. ಧಾನ್ಯದ ಮಾತಿನಲ್ಲಿ ಮನುಷ್ಯರ ಮೇಲುಕೀಳುಗಳ ವಿಚಾರವು ಧ್ವನಿತವಾಗುವುದು. ಆ ಕಾವ್ಯವನ್ನು ಸಂಕೇತವೆಂದು ಓದಿದರೆ ಸಲ್ಲುವುದು, ಹಾಗೆ ಓದಬೇಕೆಂದೇ ಕವಿಯ ಆಶಯ. ಹೆಚ್ಚುಕಡಮೆ ಅದೇ ಶತಮಾನದಲ್ಲಿ ಬರೆದಿಟ್ಟ ‘ಪೊಪೊಲ್ ವೂ’ಗೆ ಅದೇ ಅಳತೆಗೋಲನ್ನು ಹಿಡಿಯುವುದು ಸಲ್ಲದು. ಒಂದರಲ್ಲಿ ಧಾನ್ಯವು ಮನುಷ್ಯನ ವೇಷವನ್ನು ಹಾಕಿರುವುದು. ಇನ್ನೊಂದರಲ್ಲಿ ಮನುಷ್ಯನೇ ಧಾನ್ಯದ ಪರಿಣಾಮ.

ಗ್ರಂಥದ ಉತ್ತರಾರ್ಧವು ಪೂರ್ವಾರ್ಧದ ಮಟ್ಟಕ್ಕೆ ನಿಲ್ಲದೆಂಬುದನ್ನು ಒಪ್ಪಬೇಕು. ಕುಲಗಳ ವಲಸೆ, ಕಪ್ಪಕಾಣಿಕೆಗಳು, ತೋಹಿಲ್ ಎಂಬ ದೇವನಿಗೆ ರಕ್ತಬಲಿ, ಅರಸರ ಪಟ್ಟಿ, ಓದುವವನಿಗೆ ಆಯಾಸವಾಗುವುದು. ಅಲ್ಲಿಯೂ ಒಂದೆಡೆಯಲ್ಲಿ ಹಳೆಯ ದೀಪವು ಹೊತ್ತಿಕೊಳ್ಳುವುದು. ಅರಸರು ಪ್ರಜೆಗಳ ಅನ್ನಕ್ಕಾಗಿ ವ್ರತ ಹಿಡಿಯುವರು. ಒಮ್ಮೊಮ್ಮೆ 180 ದಿನ, ಒಮ್ಮೊಮ್ಮೆ 340 ದಿನಗಳವರೆಗೂ ಎಂದು ಟೆಡ್‌ಲಾಕ್ ಅವರ ಪಾಠ. ಆ ಕಾಲದಲ್ಲಿ ಹಣ್ಣುಗಳಲ್ಲದೆ ಜೋಳದ ಆಹಾರವನ್ನು ಅವರು ಮುಟ್ಟರು. ಏಕಾದಶಿಯಂದು ಧಾನ್ಯವನ್ನು ವರ್ಜಿಸುವ ಮನೆಗಳಲ್ಲಿ ಹುಟ್ಟಿದವರಿಗೆ ಇದು ವಿಚಿತ್ರವಾಗಿ ತೋರದು. ಜೋಳವೇ ಮೈಯಾದವರು ಜೋಳವನ್ನು ಬಿಟ್ಟು ಕುಳಿತರೆಂದರೆ, ಪ್ರಜೆಗಳಿಗಾಗಿ ತಮ್ಮ ಮೈಯನ್ನೇ ತಡೆದಿಟ್ಟರೆಂದು ಅರ್ಥ.

ಈ ವಾಚ್ಯಾರ್ಥವನ್ನು ಆಧುನಿಕ ಸಾಹಿತ್ಯದಲ್ಲಿ ಮೊದಲು ಗಟ್ಟಿಯಾಗಿ ಹಿಡಿದವರು ಮಿಗೆಲ್ ಆಂಖೆಲ್ ಅಸ್ತೂರಿಯಾಸ್. 1949ರಲ್ಲಿ ಪ್ರಕಟವಾದ ಅವರ ‘ಜೋಳದ ಮನುಷ್ಯರು’ ಎಂಬ ಕಾದಂಬರಿಯಲ್ಲಿ ಗಾಸ್ಪಾರ್ ಇಲೋಮ್ ಎಂಬ ಆದಿವಾಸಿ ನಾಯಕನು, ಕಾಡನ್ನು ಸುಟ್ಟು ಮಾರಾಟಕ್ಕಾಗಿ ಜೋಳ ಬೆಳೆಯುವ ವರ್ತಕರೊಡನೆ ಹೋರಾಡುವನು. ಉಣ್ಣಲು ಬಿತ್ತುವುದು ಧರ್ಮ, ಮಾರಲು ಬಿತ್ತುವುದು ಸ್ವಂತ ಮಕ್ಕಳ ಮಾಂಸವನ್ನು ಮಾರಿದಂತೆ ಎಂಬುದು ಅವನ ಜನರ ನಂಬಿಕೆ. ಈ ಕಾದಂಬರಿಯ ಭಾಗಗಳು ಒಂದಕ್ಕೊಂದು ಹೊಂದುವುದಿಲ್ಲವೆಂಬ ಆಕ್ಷೇಪಣೆಯು ಹಳೆಯದು. ಅದರಲ್ಲಿ ಸತ್ಯವೂ ಇಲ್ಲದಿಲ್ಲ. ಅಸ್ತೂರಿಯಾಸರು ಆದಿವಾಸಿಗಳಲ್ಲ. 1923ರಲ್ಲಿ ಬರೆದ ತಮ್ಮ ವಿದ್ಯಾರ್ಥಿಪ್ರಬಂಧದಲ್ಲಿ, ಯುರೋಪಿನವರ ರಕ್ತವನ್ನು ಬೆರಸಿ ಆ ಜನರನ್ನು ‘ತಿದ್ದಬೇಕು’ ಎಂಬರ್ಥದ ಮಾತುಗಳನ್ನು ಅವರು ಹೇಳಿದ್ದರು. ಆ ಬಳಿಕ ಪ್ಯಾರಿಸಿನಲ್ಲಿ ಜಾರ್ಜ್ ರೇನೋ ಎಂಬ ವಿದ್ವಾಂಸರ ಬಳಿ ‘ಪೊಪೊಲ್ ವೂ’ವನ್ನು ಓದಿ, ಗೆಳೆಯರೊಬ್ಬರೊಡನೆ 1927ರಲ್ಲಿ ಅದನ್ನು ಸ್ಪೇನಿನ ಭಾಷೆಗೆ ತಂದರು. ಆ ಜನರನ್ನು ತಿದ್ದಹೊರಟವರನ್ನು ಆ ಜನರ ಗ್ರಂಥವೇ ತಿದ್ದಿತು. 1967ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು.

ವಾಚ್ಯವೋ ಸಂಕೇತವೋ ಎಂಬ ಚರ್ಚೆಯು ಪಂಡಿತರ ಕಾಲಹರಣವೆಂದು ಯಾರಾದರೂ ಎಣಿಸುವುದಾದರೆ ಅವರು 1980ರ ದಶಕದ ಗ್ವಾಟೆಮಾಲೆಯನ್ನು ನೋಡಬೇಕು. ಆ ದೇಶದ ಅಂತರ್ಯುದ್ಧದಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಜನರು ಕೊಲೆಯಾದರು ಅಥವಾ ಕಾಣೆಯಾದರೆಂದೂ, ಗುರುತು ಸಿಕ್ಕಿದವರಲ್ಲಿ ನೂರಕ್ಕೆ 83 ಮಂದಿ ಮಾಯಾ ಜನರೆಂದೂ 1999ರಲ್ಲಿ ವಿಶ್ವಸಂಸ್ಥೆಯ ಆಶ್ರಯದ ಸತ್ಯಶೋಧನ ಮಂಡಲಿಯು ವರದಿ ಮಾಡಿತು. ಸೈನ್ಯವು ಹಳ್ಳಿಗಳನ್ನು ಸುಡುವಾಗ ಜೋಳದ ಹೊಲಗಳನ್ನೂ ಕಣಜಗಳನ್ನೂ ಸುಟ್ಟಿತು. ಜೋಳವು ಸಂಕೇತವಾದರೆ ಇದು ಆಸ್ತಿನಾಶ. ಜೋಳವು ಮಾಂಸವಾದರೆ ಇದಕ್ಕೆ ಬೇರೆಯ ಹೆಸರುಂಟು; ಉಳಿದುಬಂದವರು ಆ ಬೇರೆಯ ಹೆಸರಿನಿಂದಲೇ ಇದನ್ನು ಕರೆದರು. ಕಿಚೇ ಜನಾಂಗದ ರಿಗೊಬೆರ್ತಾ ಮೆಂಚೂ ಅವರು ಹೇಳಿ ಬರೆಯಿಸಿದ, 1983ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಕೊಲೆಗಳ ವೃತ್ತಾಂತದಷ್ಟೇ ಗಾಂಭೀರ್ಯದಿಂದ ಬಿತ್ತನೆಯ ಬೀಜಕ್ಕೆ ಸಲ್ಲಿಸುವ ಪೂಜೆಯ ವೃತ್ತಾಂತವೂ ಬರುವುದು. ಅವರ ಕಥನದ ಕೆಲವು ವಿವರಗಳನ್ನು ಕುರಿತು ಮುಂದೆ ವಿವಾದವೆದ್ದುದುಂಟು. ಬೀಜದ ಅಧ್ಯಾಯಕ್ಕೆ ಆ ವಿವಾದವು ತಾಗದು. 2014ರ ಜೂನ್ ತಿಂಗಳಲ್ಲಿ ಬೀಜತಳಿಗಳ ಮೇಲೆ ತಳಿಗಾರರಿಗೆ ಒಡೆತನವನ್ನು ಕೊಡುವ ಶಾಸನವೊಂದು ಅಲ್ಲಿಯ ಶಾಸನಸಭೆಯಲ್ಲಿ ಅಂಗೀಕೃತವಾದಾಗ, ಮಾಯಾ ಜನರೂ ರೈತರೂ ಬೀದಿಗಿಳಿದು, ಸೆಪ್ಟೆಂಬರ್ ತಿಂಗಳಿನಲ್ಲಿ ಅದನ್ನು ರದ್ದುಮಾಡಿಸಿದರು. ಬೇರೊಬ್ಬನ ಒಡೆತನಕ್ಕೆ ಸೇರಿದ ಬೀಜವನ್ನು ಬಿತ್ತಿ ಉಂಡವನ ಮೈ ಯಾರದಾಗುವುದೆಂಬ ಪ್ರಶ್ನೆಯು ‘ಪೊಪೊಲ್ ವೂ’ವನ್ನು ವಾಚ್ಯವಾಗಿ ಕೇಳಿ ಬೆಳೆದವರಿಗೆ ತಾನಾಗಿ ಏಳತಕ್ಕುದೇ.

ಈ ಗ್ರಂಥವನ್ನು ಕನ್ನಡಕ್ಕೆ ತರಲೆಳಸುವವರಿಗೆ ಎರಡು ಮಾತುಗಳು. ಧಾನ್ಯದ ಹೆಸರಿಗೆ ಗೋವಿನ ಜೋಳವೆಂದರೆ, ಪದದ ಮೂಲವೇನೇ ಇರಲಿ, ಓದುವವನ ಕಣ್ಣ ಮುಂದೆ ಹಸುವೊಂದು ಬಂದು ನಿಲ್ಲುವುದು. ದಾವಣಗೆರೆ, ಹಾವೇರಿ ಸೀಮೆಗಳಲ್ಲಿ ಬೆಳೆದ ರಾಶಿಯು ಬಹುಪಾಲು ಕೋಳಿಯ ಮೇವಿಗೂ ಕಾರ್ಖಾನೆಗೂ ಹೋಗುತ್ತಿರುವುದರಿಂದ ಆ ಹಸುವನ್ನು ಓಡಿಸುವುದೂ ಕಷ್ಟ. ಮುಸುಕಿನ ಜೋಳವೆಂಬುದೇ ಸರಿಯಾದ ಪದ. ತಾನಾಗಿ ಬಿಚ್ಚಿಕೊಳ್ಳಲಾರದ ತೆನೆಯ ಸಂಗತಿಯೆಲ್ಲವೂ ಆ ಮುಸುಕಿನಲ್ಲಿರುವುದು. ಎರಡನೆಯದು ಶ್ಮುಕಾನೆಯ ಕೆಲಸದ ಹೆಸರು. ಇಂಗ್ಲಿಷಿನವರಿಗೆ ಇದಕ್ಕೆ ಒಂದೇ ಕ್ರಿಯಾಪದ. ಕನ್ನಡದ ಹೆಂಗಸರಾದರೋ ಒಣಕಾಳನ್ನು ಬೀಸುವರು, ನೆನೆದುದನ್ನು ಒರಳಿನಲ್ಲಿ ರುಬ್ಬುವರು, ಚಪ್ಪಟೆಯಾದ ಕಲ್ಲಿನ ಮೇಲೆ ಗುಂಡುಕಲ್ಲನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿ ಅರೆಯುವರು. ಕಿಚೇ ಮನೆಯ ಕಲ್ಲು ಈ ಮೂರನೆಯ ಜಾತಿಯದು. ಅಜ್ಜಿಯು ಬೀಸಲಿಲ್ಲ, ರುಬ್ಬಲಿಲ್ಲ, ಅರೆದಳು.